ಸಹಿ ಕೈಯದೋ, ಯಂತ್ರದ್ದೋ?

ಬನಹಟ್ಟಿಯ ನೇಕಾರರ ಓಣಿಯಲ್ಲಿ ಜಕಾರ್ಡ್ ಮಗ್ಗವನ್ನು ನೀವು ನೋಡಿರಬಹುದು. ಅದರ ಮೇಲೆ ತೂತು ಹೊಡೆದ ರಟ್ಟುಗಳ ಸರ ತಿರುಗುತ್ತಿರುತ್ತದೆ. ತೂತು ಇದ್ದಂತೆ ಎಳೆ ಏಳುತ್ತದೆ. ಅದರಂತೆ ಸೀರೆಯ ಅಂಚಿನಲ್ಲಿ ಹೂ ಮೂಡುತ್ತದೆ. ನೂರು ಸೀರೆ ನೇಯ್ದರೂ ಹೂವಿನ ಆಕಾರ ಒಂದೇ. ಈ ತತ್ತ್ವವೇ ಹಳೆಯ ಬಾಹ್ಯಾಕಾಶ ಪುಸ್ತಕಗಳ ಸಂಗ್ರಾಹಕರಿಗೆ ತಲೆನೋವಾಗಿದೆ. ಹೇಗೆ ಗೊತ್ತೇ?

ಬಾಹ್ಯಾಕಾಶದಿಂದ ಭೂಮಿಯ ಮೊದಲ ಚಿತ್ರವನ್ನು 1946ರ ಅಕ್ಟೋಬರ್ 24ರಂದು ಅಮೆರಿಕದಲ್ಲಿ ಹಾರಿಸಿದ ವಿ-2 ರಾಕೆಟ್ಟಿನ ಕ್ಯಾಮೆರಾ ತೆಗೆಯಿತು. ಅದಾಗಿ 20 ವರ್ಷಕ್ಕೆ, 1966ರ ಸೆಪ್ಟೆಂಬರಿನಲ್ಲಿ, ಜೆಮಿನಿ-11 ನೌಕೆಯ ಗಗನಯಾತ್ರಿಗಳಾದ ಚಾರ್ಲ್ಸ್ ಕಾನ್ರಾಡ್ ಮತ್ತು ರಿಚರ್ಡ್ ಗಾರ್ಡನ್ ದಕ್ಷಿಣ ಭಾರತ ಹಾಗೂ ಶ್ರೀಲಂಕಾಗಳನ್ನು ಒಂದೇ ಚೌಕಟ್ಟಿನಲ್ಲಿ ಸೆರೆಹಿಡಿದರು. ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಬಂಗಾಳ ಕೊಲ್ಲಿ; ನಡುವೆ ನಮ್ಮ ನಾಡು! ಜೆಮಿನಿ ಯಾನಗಳ ಭೂಚಿತ್ರಗಳನ್ನು ನಾಸಾ ಸಂಸ್ಥೆಯು 1967 ಮತ್ತು 1968ರಲ್ಲಿ ಎರಡು ದೊಡ್ಡ ಪುಸ್ತಕಗಳಾಗಿ ಹೊರತಂದಿತು. ಚಿತ್ರ ತೆಗೆದವರ ಸಹಿಯುಳ್ಳ ಪ್ರತಿಗಳನ್ನು ಸಂಗ್ರಾಹಕರು ಇಂದಿಗೂ ಹುಡುಕುತ್ತಾರೆ.

ತೊಡಕು ಇರುವುದು ಇಲ್ಲಿಯೇ. ಆ ದಿನಗಳಲ್ಲಿ ಗಗನಯಾತ್ರಿಗಳಿಗೆ ಸಹಿ ಕೋರಿ ರಾಶಿ ರಾಶಿ ಪತ್ರಗಳು ಬರುತ್ತಿದ್ದವು. ಅವುಗಳಿಗೆ ಉತ್ತರಿಸಲು 'ಆಟೋಪೆನ್' ಎಂಬ ಯಂತ್ರವನ್ನು ಬಳಸಲಾಯಿತು. ಒಂದು ಸಹಿಯಿಂದ ಅಚ್ಚು ತಯಾರಿಸಿ ಯಂತ್ರದಲ್ಲಿಟ್ಟರೆ, ಅದರ ಅಂಚನ್ನು ಅನುಸರಿಸಿ ಲೇಖನಿ ಚಲಿಸುತ್ತದೆ. ಶಾಯಿ ನಿಜ, ಲೇಖನಿ ನಿಜ. ಕೈ ಮಾತ್ರ ಇಲ್ಲ.

ಇದನ್ನು ಪತ್ತೆ ಮಾಡುವುದು ಹೇಗೆ? ಮನುಷ್ಯನ ಎರಡು ಸಹಿಗಳು ಎಂದೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುವುದಿಲ್ಲ. ಎರಡು ಪ್ರತಿಗಳ ಸಹಿಯನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದಾಗ ಸಂಪೂರ್ಣ ಹೊಂದಿಕೊಂಡರೆ, ಅದು 'ರಟ್ಟಿನ ಹೂ' ಎಂದು ತಿಳಿಯಿರಿ. ಗೆರೆಯ ದಪ್ಪ ಉದ್ದಕ್ಕೂ ಒಂದೇ ಸಮನಾಗಿದ್ದರೂ ಅನುಮಾನಿಸಬೇಕು. ದಿನಾಂಕವೂ ಸಾಕ್ಷಿಯೇ: ಕಾನ್ರಾಡ್ 1999ರ ಜುಲೈ 8ರಂದು, ಗಾರ್ಡನ್ 2017ರ ನವೆಂಬರ್ 6ರಂದು ನಿಧನರಾದರು.

ಇನ್ನು ನಮ್ಮದೇ ಚಿತ್ರಗಳ ಸಂಗತಿ. ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ರೂಪುಗೊಂಡ ಭಾಸ್ಕರ-1 ಉಪಗ್ರಹವು 1979ರ ಜೂನ್ 7ರಂದು ಸೋವಿಯತ್ ರಾಕೆಟ್ಟಿನಲ್ಲಿ ಕಕ್ಷೆ ಸೇರಿತು. ಅದರ ಟಿ.ವಿ. ಕ್ಯಾಮೆರಾಗಳನ್ನು ಮೊದಲಿಗೆ ಚಾಲೂ ಮಾಡಲಾಗಲಿಲ್ಲ. 1980ರ ಮೇ ತಿಂಗಳಲ್ಲಿ ಒಂದು ಕ್ಯಾಮೆರಾ ಕೆಲಸ ಆರಂಭಿಸಿತು. ಅದು ಸುಮಾರು 1 ಕಿ.ಮೀ.ಗಿಂತ ಚಿಕ್ಕದನ್ನು ಬೇರ್ಪಡಿಸಿ ತೋರಿಸಲಾರದು. ಆದರೂ ಅದು ನಮ್ಮ ದೂರಸಂವೇದನೆಯ ಮೊದಲ ಪಾಠ. ಕ್ಯಾಮೆರಾದ ಹಿಂದೆ ಮನುಷ್ಯನಿಲ್ಲದ್ದರಿಂದ ಆ ಚಿತ್ರಗಳಿಗೆ ಸಹಿ ಹಾಕುವ ಒಬ್ಬ ಛಾಯಾಗ್ರಾಹಕನೂ ಇಲ್ಲ. ಹಾಗೆಂದು ಅಂದಿನ ವರದಿ, ಕಿರುಹೊತ್ತಿಗೆಗಳು ರದ್ದಿಗೆ ಹೋಗಬೇಕೆ?

ನಿಮ್ಮ ಮನೆಯಲ್ಲಿ ಅಂಥದೊಂದು ಇದ್ದರೆ ಬಿಸಿಲು, ತೇವದಿಂದ ದೂರವಿಡಿ, ಶಾಯಿ ಮಾಸುತ್ತದೆ. ಯಾರಿಂದ, ಯಾವಾಗ ಬಂತೆಂದು ಒಂದು ಚೀಟಿಯಲ್ಲಿ ಬರೆದು ಒಳಗಿಡಿ. ಯಂತ್ರ ಸಹಿಯನ್ನು ನಕಲು ಮಾಡಬಲ್ಲದು; ಪುಸ್ತಕ ಕೈಯಿಂದ ಕೈಗೆ ಬಂದ ಕಥೆಯನ್ನಲ್ಲ.