ಪ್ಲೇಟು ಕೊಟ್ಟು ಬೋಗುಣಿ ತಗೊಂಡಿದ್ದು

ನಮ್ಮನೇಲಿ ಉದ್ದಿನಬೇಳೆ ನೆನೆಹಾಕೋ ಒಂದು ಸ್ಟೀಲ್ ಬೋಗುಣಿ ಅದೆ. ಬಂದೋರೆಲ್ಲ ನೋಡಿದೀರ, ತಳ ವಸಿ ನೆಗ್ಗಿದೆ. ಅದರ ಬೆಲೆ ಎಷ್ಟು ಅಂತ ಇದುವರೆಗೂ ಯಾರಿಗೂ ಹೇಳಿಲ್ಲ. ಮೂವತ್ತೆರಡು ಗ್ರಾಮಫೋನ್ ಪ್ಲೇಟು ಕಣ್ರವ್ವ.

ಮದುವೆಯಾಗಿ ಎರಡನೇ ವರ್ಷ. ಆಗ ಸಾಲಿಗ್ರಾಮದ ಹತ್ರ ಅತ್ತೆ ಮನೇಲೇ ಇದ್ದೋ, ಹುಣಸೂರಿಗೆ ಇನ್ನೂ ಬಂದಿರ್ಲಿಲ್ಲ. ಅಟ್ಟದ ಮೇಲೆ ಮಾವನೋರ ಕಾಲದ ಕೀ ಕೊಡೋ ಗ್ರಾಮಫೋನು, ಪಕ್ಕದಲ್ಲಿ ತಗಡಿನ ಟ್ರಂಕ್ ತುಂಬ ಪ್ಲೇಟು. ಪೆಟ್ಟಿಗೆ ಕೆಟ್ಟು ಕೂತಿತ್ತು. ಪಾತ್ರೆ ಮಾರೋಳು ಬಂದಾಗ ಹಳೇ ಸೀರೆ ಸಾಲ್ದು ಅಂದ್ಲು. ನಾನು ಜಾಣೆ ಅಂದ್ಕೊಂಡು ಟ್ರಂಕ್ ಇಳಿಸ್ದೆ. ಅವಳೂ ಮೊದಲು ಒಪ್ಪಲಿಲ್ಲ, ಈ ಭಾರ ಹೊತ್ಕೊಂಡು ಏನ್ಮಾಡ್ಲಿ ಅಂದ್ಲು. ಚೌಕಾಸಿ ಮಾಡಿ ಮಾಡಿ ಟ್ರಂಕ್ ಸಮೇತ ಕೊಟ್ಟು ಬೋಗುಣಿ ಇಸ್ಕೊಂಡೆ. ಅತ್ತೆ ಗದ್ದೆಯಿಂದ ಬಂದು ನೋಡಿದ್ರು. ಬೈಲಿಲ್ಲ. ಕೈಕಾಲು ತೊಳ್ಕೊಂಡು ಬಂದು, "ಅದ್ರಲ್ಲಿ ನಾಗರತ್ನಮ್ಮನ ಪ್ಲೇಟೂ ಇತ್ತೇನವ್ವ?" ಅಂತ ಒಂದೇ ಮಾತು ಕೇಳಿದ್ರು. ನನಗೆ ಯಾವ ನಾಗರತ್ನಮ್ಮ ಅಂತಲೂ ಗೊತ್ತಿರ್ಲಿಲ್ಲ.

ಆಮೇಲೆ ತಿಳ್ಕೊಂಡೆ. ಬೆಂಗಳೂರು ನಾಗರತ್ನಮ್ಮ ಅಂತ ಹೆಸರಿದ್ರೂ ಆಯಮ್ಮ ಹುಟ್ಟಿದ್ದು ನಮ್ಮ ನಂಜನಗೂಡಲ್ಲಿ, 1878ರಲ್ಲಿ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳು ಬಿದ್ದಿತ್ತಂತೆ, ತಾನು ಹಾಡಿ ಸಂಪಾದಿಸಿದ ದುಡ್ಡಲ್ಲಿ ಅಲ್ಲಿ ಗುಡಿ ಕಟ್ಟಿಸಿದೋಳು ಆಕೆ. ಗ್ರಾಮಫೋನ್ ಹೊಸದಾಗಿ ಬಂದಾಗ ದೊಡ್ಡ ದೊಡ್ಡ ವಿದ್ವಾಂಸರೇ ಹಿಂದೇಟು ಹಾಕಿದ್ರು. ಪೆಟ್ಟಿಗೆಗೆ ಹಾಡಿದ್ರೆ ಕಂಠ ಹೋಗ್ತದೆ ಅಂತ ಒಬ್ರಿಗೆ, ಕಂಡೋರೆಲ್ಲ ಕೇಳ್ತಾರೆ, ಮರ್ಯಾದೆ ಏನು ಉಳೀತು ಅಂತ ಇನ್ನೊಬ್ರಿಗೆ. ಧೈರ್ಯವಾಗಿ ಮುಂದೆ ಬಂದೋರಲ್ಲಿ ಹೆಂಗಸರೇ ಹೆಚ್ಚು. ನಾಗರತ್ನಮ್ಮ ಅವರಲ್ಲಿ ಒಬ್ರು.

ಎಲ್ಲರಿಗಿಂತ ಹೆಸರು ಮಾಡಿದೋಳು ಕಲ್ಕತ್ತೆಯ ಗೌಹರ್ ಜಾನ್. 1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪ್ನಿ ಕಳಿಸಿದ ಗೈಸ್‌ಬರ್ಗ್ ಅನ್ನೋನು ಹೋಟೆಲ್ ರೂಮಲ್ಲಿ ಮಿಷನ್ ಇಟ್ಟು ಆಕೆ ಹಾಡು ಹಿಡ್ಕೊಂಡ. ಆಕೆ ಕೇಳಿದ್ದು ಮೂರು ಸಾವಿರ ರೂಪಾಯಿ ಅಂತಾರೆ, ಆ ಕಾಲಕ್ಕೆ ಅದು ದೊಡ್ಡ ಗಂಟು. ಗಂಟೆಗಟ್ಟಲೆ ಹಾಡೋ ರಾಗನ ಮೂರು ನಿಮಿಷಕ್ಕೆ ಕುಗ್ಗಿಸಿ, ಕೊನೇಲಿ ಇಂಗ್ಲಿಷಲ್ಲಿ ತನ್ನ ಹೆಸರನ್ನ ಗಟ್ಟಿಯಾಗಿ ಹೇಳ್ತಿದ್ಲು. ಪ್ಲೇಟು ಅಚ್ಚಾಗ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ, ಅಲ್ಲಿಯೋರಿಗೆ ಯಾರ ಹಾಡು ಅಂತ ಗುರುತಾಗಬೇಕಲ್ಲ, ಅದಕ್ಕೆ.

ಇಷ್ಟು ಮೆರೆದೋಳು ಕೊನೆಗೆ ಎಲ್ಲಿಗೆ ಬಂದ್ಲು ಗೊತ್ತೇ? ಮೈಸೂರಿಗೆ. ಕೋರ್ಟು ಕಚೇರಿ ಅಂತ ಅಲೆದು ಆಸ್ತಿ ಕರಗಿಸ್ಕೊಂಡು, 1928ರಲ್ಲಿ ನಾಲ್ವಡಿಯೋರ ಆಸ್ಥಾನಕ್ಕೆ ಸಂಬಳದ ಗಾಯಕಿಯಾಗಿ ಸೇರಿದ್ಲು. ಎರಡು ವರ್ಷವೂ ತುಂಬಲಿಲ್ಲ, 1930ರ ಜನವರಿಯಲ್ಲಿ ಕೆ.ಆರ್. ಆಸ್ಪತ್ರೇಲಿ ತೀರಿಹೋದ್ಲು. ನಮ್ಮ ಮನೆ ಹೆರಿಗೆಗಳೆಲ್ಲ ಆ ಆಸ್ಪತ್ರೆ ಆವರಣದಲ್ಲೇ ಆಗಿದ್ದು, ಎಷ್ಟು ಸಲ ಫ್ಲಾಸ್ಕ್ ಹಿಡ್ಕೊಂಡು ಓಡಾಡಿದೀನಿ, ಆಗ ಇದೊಂದೂ ತಿಳೀದು. ಊರೆಲ್ಲ ಆಕೆ ಪ್ಲೇಟು ತಿರುಗ್ತಿದ್ರೂ ಅದು ಆಕೆಗೆ ಕೊನೇ ಕಾಲದ ಅನ್ನ ಆಗ್ಲಿಲ್ಲ.

ಆ ಪ್ಲೇಟುಗಳು ಪ್ಲಾಸ್ಟಿಕ್ ಅಲ್ಲ. ಅರಗು. ಚನ್ನಪಟ್ಟಣದ ಗೊಂಬೆಗೆ ಬಳಿತಾರಲ್ಲ, ಅದೇ ಹುಳದ ಅರಗಿಗೆ ಕಲ್ಲಿನ ಪುಡಿ ಸೇರಿಸಿ ಅಚ್ಚು ಹಾಕ್ತಿದ್ರು. ಅದಕ್ಕೇ ಅಷ್ಟು ಭಾರ, ಕೈಜಾರಿದ್ರೆ ಹಂಚಿನ ತರ ಚೂರು. ಬಿಸಿನೀರಿಗೆ ಹಾಕಿದ್ರೆ ಮೆತ್ತಗಾಗ್ತದೆ. ಬೆಟ್ಟದಪುರದ ನಮ್ಮ ಚಿಕ್ಕಮ್ಮ ಹಂಗೆ ಮೆತ್ತಗೆ ಮಾಡಿ ಅಂಚು ಮಡಿಸಿ ಹೂವಿನ ಬಟ್ಟಲು ಮಾಡಿದ್ರು, ನಾವೆಲ್ಲ ಮೆಚ್ಕೊಂಡು ನೋಡಿದ್ದೇ ನೋಡಿದ್ದು. ಅಮೆರಿಕಾದಲ್ಲಿ 1942ರ ಯುದ್ಧದ ಟೈಮಲ್ಲಿ ಅರಗು ಸಿಗದೆ, ಹಳೇ ಪ್ಲೇಟು ವಾಪಸ್ ಕೊಟ್ಟೋರಿಗೆ ಮಾತ್ರ ಹೊಸದು ಅಂತ ಅಂಗಡಿಯೋರು ಕೇಳ್ತಿದ್ರಂತೆ. ಹಂಗೆ ಎಷ್ಟು ಹಾಡು ಕರಗಿ ಹೋದವೋ.

ಒಂದು ಕಡೆಗೆ ಮೂರು-ನಾಲ್ಕು ನಿಮಿಷ ಅಷ್ಟೇ. ಉದ್ದದ ಸಂಗೀತ ಬೇಕಂದ್ರೆ ನಾಲ್ಕೈದು ಪ್ಲೇಟಿಗೆ ಹಂಚಬೇಕು. ಅವನ್ನ ದಪ್ಪ ರಟ್ಟಿನ ಪುಸ್ತಕದಲ್ಲಿ, ಫೋಟೋ ಆಲ್ಬಂ ತರ ಒಂದೊಂದು ಹಾಳೆಗೆ ಒಂದೊಂದು ಪ್ಲೇಟು ಸಿಗಿಸಿ ಮಾರ್ತಿದ್ರು. ಇವತ್ತಿಗೂ ಹಾಡುಗಳ ಗುಂಪಿಗೆ ಆಲ್ಬಂ ಅನ್ನೋದು ಅದರಿಂದಲೇ.

ಅಂಥ ಆಲ್ಬಂಗೆ ದುಡ್ಡು ಹಾಕಿದ ದೊಡ್ಡ ಗಿರಾಕಿ ಒಬ್ರು ನಮ್ಮೂರಲ್ಲೇ ಇದ್ರು, ಜಯಚಾಮರಾಜ ಒಡೆಯರು. ಕರ್ನಾಟಕ ಸಂಗೀತದಲ್ಲಿ ಅವರು ಕೃತಿ ರಚಿಸಿದ್ದು ನಿಮಗೆಲ್ಲ ಗೊತ್ತು, ನವರಾತ್ರಿಗೆ ನಮ್ಮ ಮಕ್ಕಳೇ ಹಾಡ್ತಾರೆ. ಪಿಯಾನೋ ಹುಚ್ಚೂ ಅಷ್ಟೇ ಇತ್ತು. ಲಂಡನ್‌ನಲ್ಲಿ ಮೆಡ್ನರ್ ಅಂತ ರಷ್ಯಾದಿಂದ ಬಂದ ಮುದುಕ ಸಂಗೀತಗಾರ ಇದ್ದ. ಕಾಯಿಲೆ, ಕೈಲಿ ಕಾಸಿಲ್ಲ, ಕೇಳೋರಿಲ್ಲ. ನಮ್ಮ ಮಹಾರಾಜರು 1940ರ ದಶಕದ ಕೊನೇಲಿ ಮೆಡ್ನರ್ ಸೊಸೈಟಿ ಅಂತ ಮಾಡಿ, ಆತ ತಾನೇ ನುಡಿಸಿದ್ದನ್ನ ಎಚ್.ಎಂ.ವಿ. ಕಂಪ್ನಿ ಕೈಲಿ ಮೂರು ದೊಡ್ಡ ಆಲ್ಬಂ ಮಾಡಿಸಿದ್ರು. ಆತ ತನ್ನ ಮೂರನೇ ಪಿಯಾನೋ ಕನ್ಸರ್ಟೋನ ಮೈಸೂರು ಮಹಾರಾಜರಿಗೆ ಅರ್ಪಣೆ ಮಾಡ್ದ. 1951ರಲ್ಲಿ ಸತ್ತ. ಆ ಪ್ಲೇಟು ಇಲ್ದಿದ್ರೆ ಆತನ ಕೈ ಹೆಂಗೆ ಓಡ್ತಿತ್ತು ಅಂತ ತಿಳಿಯೋಕೆ ದೊಡ್ಡ ಆಧಾರವೇ ಇರ್ತಿರ್ಲಿಲ್ಲ.

ಎಚ್.ಎಂ.ವಿ.ಯ ವಾಲ್ಟರ್ ಲೆಗ್ ಅನ್ನೋರು ಮೈಸೂರಿಗೆ ಬಂದಿದ್ರು. ಅರಮನೆಯ ಪ್ಲೇಟಿನ ಲೈಬ್ರರಿ ನೋಡಿ, ಸಿಗಬಹುದಾದ್ದೆಲ್ಲ ಇಲ್ಲೇ ಅದೆ ಅನ್ನೋ ಹಂಗೆ ಬರೆದವ್ರೆ. ಅವರ ಆರ್ಕೆಸ್ಟ್ರಾಗೆ ವರ್ಷಕ್ಕೆ ಹತ್ತು ಸಾವಿರ ಪೌಂಡ್, ಮೂರು ವರ್ಷ ಕೊಡ್ತೀನಿ ಅಂತ ಮಹಾರಾಜರು ಒಪ್ಪಿದ್ರಂತೆ. ನಮ್ಮೆಜಮಾನ್ರು ಇದನ್ನ ಓದಿ, "ಎಲ್ಲಾ ನಮ್ಮ ಅಜ್ಜಂದಿರ ಕಂದಾಯ" ಅಂದ್ರು. ಅದೂ ಸುಳ್ಳಲ್ಲ. ಎಚ್.ಡಿ. ಕೋಟೆ ಹಳ್ಳಿಗಳಿಗೆ ಆಗ ಕರೆಂಟೂ ಇರ್ಲಿಲ್ಲ. ಆದ್ರೂ ನನಗೆ ಆ ಮುದುಕನ ವಿಷಯದಲ್ಲಿ ಮಹಾರಾಜರು ಮಾಡಿದ್ದು ಸರಿ ಅನ್ನಿಸ್ತದೆ.

ಇನ್ನು ನನ್ನ ಬೇಟೆ. ಬೋಗುಣಿ ಪಾಪ ತೊಳ್ಕೊಳ್ಳೋಕೆ ಅಂತ ಶುರು ಮಾಡಿದ್ದು, ಆಮೇಲೆ ಚಟ ಆಯ್ತು. ದಸರಾ ಎಗ್ಜಿಬಿಷನ್‌ನಲ್ಲಿ ಕೊನೇ ದಿನಗಳಿಗೇ ಹೋಗೋದು, ಕ್ಯಾಸೆಟ್‌ನೋರು ಗಂಟು ಕಟ್ಟೋ ಹೊತ್ತಿಗೆ ಬೆಲೆ ಇಳೀತದೆ. ಸಿಡಿ ಬಂದಾಗ ಕ್ಯಾಸೆಟ್ ಅಗ್ಗ, ಮೊಬೈಲ್ ಬಂದಾಗ ಸಿಡಿ ಅಗ್ಗ. ಈಗ ಉಲ್ಟಾ, ಹಳೇ ಎಲ್.ಪಿ.ಗೆ ಹುಡುಗರು ಸಾವಿರಗಟ್ಟಲೆ ಕೊಡ್ತವೆ. ನೀವು ತಗೊಳ್ಳೋದಾದ್ರೆ, ಪ್ಲೇಟನ್ನ ಬೆಳಕಿಗೆ ಓರೆಯಾಗಿ ಹಿಡೀರಿ, ಗೀರು ಕಾಣ್ತದೆ. ಅರಗಿನದಾದ್ರೆ ಬೆರಳಲ್ಲಿ ಮೆಲ್ಲಗೆ ತಟ್ಟಿ, ಮಡಕೆ ನೋಡ್ದಂಗೆ. ಬಿರುಕಿದ್ರೆ ಸದ್ದೇ ಹೇಳ್ತದೆ. ಕವರ್ ನೋಡಿ ಮೋಸ ಹೋಗ್ಬೇಡಿ, ಒಳಗಿಂದ ತೆಗೆದು ಲೇಬಲ್ ಓದಿ. ನಾನೊಂದ್ಸಲ ಚೌಡಯ್ಯನೋರ ಪಿಟೀಲು ಅಂತ ತಂದು ನೋಡಿದ್ರೆ ಒಳಗೆ ಹಿಂದಿ ಸಿನಿಮಾ ಹಾಡು. ಕ್ಯಾಸೆಟ್ ಆದ್ರೆ ಟೇಪಿನ ಅಂಚಲ್ಲಿ ಬಿಳಿ ಬೂಷ್ಟು ಇದೆಯಾ ನೋಡಿ. ಸೆಟ್ ಆದ್ರೆ ದುಡ್ಡು ಕೊಡೋ ಮುಂಚೆ ಎಣಿಸಿ.

ಈ ಎಣಿಸೋ ಬುದ್ಧಿ ನಂಗೆ ಬಂದಿದ್ದು ಎಂ.ಎಸ್. ಸುಬ್ಬುಲಕ್ಷ್ಮಿಯೋರ ಬಾಲಾಜಿ ಪಂಚರತ್ನಮಾಲಾದಿಂದ. 1963ರಲ್ಲಿ ಅವರ ಸುಪ್ರಭಾತ ಬಂತು, ಅದರ ರಾಯಲ್ಟಿನೆಲ್ಲ ತಿರುಪತಿ ವೇದಪಾಠಶಾಲೆಗೇ ಬಿಟ್ಕೊಟ್ರು. ಹಾಡಿ ಬಂದಿದ್ದನ್ನೆಲ್ಲ ದಾನ ಮಾಡಿ ಮಾಡಿ, ಇದ್ದ ದೊಡ್ಡ ಮನೇನೂ ಮಾರಿ, ಆಯಮ್ಮನಿಗೇ ಕಷ್ಟ ಬಂತು. ಆಗ ತಿರುಪತಿ ದೇವಸ್ಥಾನದೋರು, ಸುಮ್ನೆ ದುಡ್ಡು ಕೊಟ್ರೆ ಈಸ್ಕೊಳಲ್ಲ ಅಂತ, ಅನ್ನಮಾಚಾರ್ಯರ ಕೀರ್ತನೆ ಹಾಡಿಸಿ ಐದು ರೆಕಾರ್ಡಿನ ಸೆಟ್ ಮಾಡಿಸಿದ್ರು. 1980ರ ಸುಮಾರಿನ ಮಾತು. ಆಗ ಅರವತ್ತು ದಾಟಿದ ಎಂ.ಎಸ್. ಮಗು ಹಂಗೆ ಕೂತು ಹೊಸ ಕೀರ್ತನೆಗಳನ್ನ ಕಲಿತ್ರು.

ಆ ಐದರಲ್ಲಿ ನಾಲ್ಕನ್ನ ಕ್ಯಾಸೆಟ್‌ನಲ್ಲಿ ಬಿಡಿಬಿಡಿಯಾಗಿ ಕೂಡಿಸಿದೀನಿ. ಒಂದು ಪಿರಿಯಾಪಟ್ಟಣದಲ್ಲಿ ಅಂಗಡಿ ಮುಚ್ಚೋರ ಹತ್ರ ಹತ್ತು ರೂಪಾಯಿಗೆ, ಎರಡು ಎಗ್ಜಿಬಿಷನ್‌ನಲ್ಲಿ, ಇನ್ನೊಂದು ರುದ್ರಪಟ್ಟಣದ ಸಂಗೀತೋತ್ಸವಕ್ಕೆ ಹೋದಾಗ ಪಕ್ಕ ಕೂತಿದ್ದ ಹೆಂಗಸು ಪರಿಚಯವಾಗಿ ಪುಕ್ಕಟೆ ಕೊಟ್ಟಿದ್ದು. ಮೂರನೇ ಭಾಗ ಮಾತ್ರ ಸಿಕ್ಕಿಲ್ಲ. ಮೊಬೈಲಲ್ಲಿ ಎಲ್ಲಾ ಬರ್ತದೆ ಅಂತ ಮಗಳು ನಗ್ತಾಳೆ. ಬರ್ತದೆ ನಿಜ.

ಮೊಬೈಲಲ್ಲೇ ಹೋದ ಯುಗಾದೀಲಿ ನಾಗರತ್ನಮ್ಮನ ಹಳೇ ಪ್ಲೇಟೊಂದು ಸಿಕ್ತು, ಯಾರೋ ಪುಣ್ಯಾತ್ಮರು ಜೋಪಾನ ಮಾಡಿ ಹಾಕವ್ರೆ. ಕರಕರ ಸದ್ದಿನ ನಡುವೆ ತೆಳ್ಳಗಿನ ಗಟ್ಟಿ ದನಿ. ಅತ್ತೆಗೆ ಈಗ ತೊಂಬತ್ತರ ಹತ್ರ, ಕಿವಿ ಮಂದ. ಕಿವಿಗೆ ಹಿಡಿದೆ. ಕಣ್ಮುಚ್ಕೊಂಡು ಪೂರ್ತಿ ಕೇಳಿದ್ರು. "ಆಯಮ್ಮಂದೇ ದನಿ ಕನವ್ವ. ನಮ್ಮಲ್ಲಿದ್ದುದ್ದು ಈ ಹಾಡಲ್ಲ" ಅಂದ್ರು. ಯಾವುದು ಅಂದ್ರೆ ಹೆಸರು ಬರಲಿಲ್ಲ. ಸುಮ್ನೆ ವಸಿ ಗುನುಗಿದ್ರು, ನನಗೆ ಹಿಡಿಯೋಕಾಗಲಿಲ್ಲ.

ಅದಕ್ಕೆ ಕೇಳ್ತೀನಿ, ಸಾಲಿಗ್ರಾಮ, ಚುಂಚನಕಟ್ಟೆ ಕಡೆ ಅತ್ತಿಗೆ-ನಾದಿನೀರೆಲ್ಲ ಅಟ್ಟ ಒಂದ್ಸಲ ನೋಡಿ. ನಾಗರತ್ನಮ್ಮನ ಪ್ಲೇಟು ಯಾವುದೇ ಇರ್ಲಿ, ಒಡೆದಿದ್ರೂ ಲೇಬಲ್ ಇದ್ರೆ ಸಾಕು, ಪಾತ್ರೆಯೋಳಿಗೆ ಕೊಡೋಕೆ ಮುಂಚೆ ನನಗೊಂದು ಫೋನ್ ಮಾಡಿ. ಬೋಗುಣಿ ಬೇಕಂದ್ರೂ ಕೊಡ್ತೀನಿ, ಹೊಸದು.