ಗುಳಿಗಿ, ಚೀಟಿ, ಪದವಿ: ರೋಣ–ನರಗುಂದ–ಗಜೇಂದ್ರಗಡ ಸೀಮೆಯಲ್ಲಿ ಫಾರ್ಮಸಿಯ ಓದು ಮತ್ತು ವೃತ್ತಿ

ಗಜೇಂದ್ರಗಡದಲ್ಲಿ ಪಿಯುಸಿ ವಿಜ್ಞಾನ ಮುಗಿಸಿದ ವಿದ್ಯಾರ್ಥಿನಿಯೊಬ್ಬಳು ಫಾರ್ಮಸಿ ಓದಲು ಮನಸ್ಸು ಮಾಡಿದರೆ, ಪಠ್ಯಕ್ರಮಕ್ಕಿಂತ ಮೊದಲು ಬಸ್ಸಿನ ದಾರಿಯ ಲೆಕ್ಕ ಹಾಕಬೇಕಾಗುತ್ತದೆ. ನೈಋತ್ಯಕ್ಕೆ ಗದಗ, ಅಲ್ಲಿ ಕೆಎಲ್‌ಇ ಸಂಸ್ಥೆಯ ಫಾರ್ಮಸಿ ಕಾಲೇಜು. ವಾಯವ್ಯಕ್ಕೆ ಬಾಗಲಕೋಟೆ, ಅಲ್ಲಿ ಬಿವಿವಿ ಸಂಘದ ಹಾನಗಲ್ ಶ್ರೀ ಕುಮಾರೇಶ್ವರ ಫಾರ್ಮಸಿ ಕಾಲೇಜು. ಪಶ್ಚಿಮಕ್ಕೆ ರೋಣ, ನರಗುಂದಗಳನ್ನು ದಾಟಿ ಹೋದರೆ ಹುಬ್ಬಳ್ಳಿಯ ಕೆಎಲ್‌ಇ ಕಾಲೇಜು, ಧಾರವಾಡದ ಸೋನಿಯಾ ಎಜುಕೇಶನ್ ಟ್ರಸ್ಟ್‌ನ ಕಾಲೇಜು. ಪೂರ್ವಕ್ಕೆ ಕುಷ್ಟಗಿ ರಸ್ತೆ ಹಿಡಿದರೆ ಸ್ವಲ್ಪ ಹೊತ್ತಿಗೇ ಕೊಪ್ಪಳ ಜಿಲ್ಲೆ; ಆ ದಿಕ್ಕಿನ ಓದು ಬಳ್ಳಾರಿಗೋ ರಾಯಚೂರಿಗೋ ಒಯ್ಯುತ್ತದೆ. ಹಾಸ್ಟೆಲ್ ಖರ್ಚು, ವಾರಕ್ಕೊಮ್ಮೆ ಮನೆಗೆ ಬರುವ ಅನುಕೂಲ, ಕೊನೆಗೆ ಕೆಲಸ ಸಿಗುವ ಊರು ಇವೆಲ್ಲ ಈ ದಿಕ್ಕಿನ ಆಯ್ಕೆಯೊಳಗೇ ಅಡಗಿವೆ.

ನರಗುಂದ, ರೋಣ, ಗಜೇಂದ್ರಗಡ ಮೂರೂ ಪಟ್ಟಣಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಸಾಲಾಗಿ ಕುಳಿತಿವೆ. 1997ರವರೆಗೆ ಅವು ಧಾರವಾಡ ಜಿಲ್ಲೆಯವು. ಆಮೇಲೆ ಗದಗ ಜಿಲ್ಲೆಗೆ ಸೇರಿದವು. ಗಜೇಂದ್ರಗಡ ಪ್ರತ್ಯೇಕ ತಾಲ್ಲೂಕಾದದ್ದು ತೀರ ಈಚೆಗೆ, 2017ರ ಘೋಷಣೆಯ ನಂತರ. ಎರೆಭೂಮಿ, ಮಲಪ್ರಭೆಯ ಕಾಲುವೆ, ನೇಕಾರಿಕೆಗಳನ್ನು ನೆಚ್ಚಿದ ಈ ಸೀಮೆಯಲ್ಲಿ ಡಿ.ಫಾರ್ಮ್ ಎಂಬ ಎರಡು ವರ್ಷದ ಡಿಪ್ಲೊಮಾವನ್ನು ‘ಮೆಡಿಕಲ್ ಸೀಟು ಸಿಗದವರ ಓದು’ ಎಂದು ನೋಡುವುದು ತಪ್ಪು. ಇಲ್ಲಿಯ ಆರೋಗ್ಯವ್ಯವಸ್ಥೆಯ ನಡುಗಂಬ ಅದೇ. ಆ ಕಂಬದಲ್ಲಿ ಬಿರುಕು ಎಲ್ಲಿದೆ ಎಂದು ಹುಡುಕಿದರೆ ರಸಾಯನಶಾಸ್ತ್ರಕ್ಕಿಂತ ಮೊದಲು ಕಾಣುವುದು ಭಾಷೆ. ಈ ಎರಡು ಮಾತುಗಳನ್ನು ಸ್ಥಾಪಿಸುವುದು ಈ ಲೇಖನದ ಉದ್ದೇಶ.

ಜಿಲ್ಲೆಯ ಗಡಿರೇಖೆಯ ಮಾತು ಮೊದಲು. ಸಂವಿಧಾನದ 371(ಜೆ) ವಿಧಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಅನ್ವಯಿಸುತ್ತದೆ. ಕೊಪ್ಪಳ ಅದರೊಳಗಿದೆ, ಗದಗ ಇಲ್ಲ. ಆ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು, ಉಳಿದ ಕರ್ನಾಟಕದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟುಗಳು ಅಲ್ಲಿಯ ಸ್ಥಳೀಯರಿಗೆ ಮೀಸಲು. ಅಲ್ಲಿಯ ‘ಸಿ’ ವೃಂದದ ಸರ್ಕಾರಿ ಹುದ್ದೆಗಳಲ್ಲಿ ಶೇ 80 ಕೂಡ ಅವರಿಗೇ. ಹೀಗಾಗಿ ಕುಷ್ಟಗಿಯ ಹುಡುಗ ಬಳ್ಳಾರಿಯ ಟಿವಿಎಂ ಫಾರ್ಮಸಿ ಕಾಲೇಜಿಗೆ ಒಂದು ಬಾಗಿಲಿನಿಂದ ಹೋದರೆ, ಅದೇ ಮಳೆ ಅದೇ ಬರ ಕಂಡ ಗಜೇಂದ್ರಗಡದ ಹುಡುಗ ಇನ್ನೊಂದು, ಇಕ್ಕಟ್ಟಾದ ಬಾಗಿಲಿನಿಂದ ಹೋಗಬೇಕು. ಹೈದರಾಬಾದ್ ಸಂಸ್ಥಾನದ ಹಿಂದುಳಿಕೆಗೆ ಪರಿಹಾರವಾಗಿ ಬಂದ ವಿಧಿ ಅದು. ಅದರ ನ್ಯಾಯವನ್ನು ಪ್ರಶ್ನಿಸುವ ಕಾರಣವಿಲ್ಲ. ಆದರೆ ವೃತ್ತಿ ಮಾರ್ಗದರ್ಶನ ಮಾಡುವ ಉಪನ್ಯಾಸಕರು ಈ ವ್ಯತ್ಯಾಸವನ್ನು ಪಿಯುಸಿ ಮೊದಲ ವರ್ಷದಲ್ಲೇ ಮಕ್ಕಳಿಗೆ ತಿಳಿಸಬೇಕು.

ಇಂಥದೇ ಇನ್ನೊಂದು ಸೂಕ್ಷ್ಮವಿದೆ. ಸಿಇಟಿ ಮೂಲಕ ಬಿ.ಫಾರ್ಮ್, ಫಾರ್ಮ್.ಡಿ ಸೀಟು ಹಂಚುವಾಗ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಉಂಟು. ಎರಡಕ್ಕೂ ಒಂದರಿಂದ ಹತ್ತನೆಯ ತರಗತಿಯ ಓದೇ ಆಧಾರ. ಮೂರೂ ತಾಲ್ಲೂಕು ಕೇಂದ್ರಗಳು ಪುರಸಭೆಯ ಊರುಗಳಾದ್ದರಿಂದ ಪೇಟೆಯೊಳಗಿನ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಸಿಗದು. ಸೂಡಿಯಲ್ಲೋ ಕೊಣ್ಣೂರಿನಲ್ಲೋ ಓದಿದವರಿಗೆ ಸಿಗುತ್ತದೆ. ಕನ್ನಡ ಮಾಧ್ಯಮದ ಪ್ರಮಾಣಪತ್ರ ಮಾತ್ರ ಇಬ್ಬರಿಗೂ ನೆರವಾಗಬಲ್ಲದು.

ಓದಿನ ದಾರಿಗಳು ಮುಖ್ಯವಾಗಿ ಮೂರು. ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಜೀವಶಾಸ್ತ್ರ ಅಥವಾ ಗಣಿತದಲ್ಲಿ ಪಿಯುಸಿ ಪಾಸಾದವರಿಗೆ ಎರಡು ವರ್ಷದ ಡಿ.ಫಾರ್ಮ್. ಅದೇ ವಿಷಯಗಳ ಮೇಲೆ ನಾಲ್ಕು ವರ್ಷ, ಎಂಟು ಸೆಮಿಸ್ಟರ್‌ಗಳ ಬಿ.ಫಾರ್ಮ್. ಮೂರನೆಯದು 2008ರ ನಿಯಮಾವಳಿಯಿಂದ ಬಂದ ಆರು ವರ್ಷದ ಫಾರ್ಮ್.ಡಿ, ಅದರ ಕೊನೆಯ ವರ್ಷ ಪೂರ್ತಿ ಆಸ್ಪತ್ರೆಯ ಇಂಟರ್ನ್‌ಶಿಪ್. ಫಾರ್ಮ್.ಡಿ ನಡೆಸಲು ಕನಿಷ್ಠ 300 ಹಾಸಿಗೆಗಳ ಆಸ್ಪತ್ರೆಯ ನಂಟು ಬೇಕು. ಹಾಗಾಗಿ ಆ ಕೋರ್ಸು ದೊಡ್ಡ ಊರುಗಳಿಗೇ ಅಂಟಿಕೊಂಡಿದೆ, ಸಣ್ಣ ಪಟ್ಟಣಕ್ಕೆ ಇಳಿದು ಬರುವುದು ಕಷ್ಟ.

ಮನೆಯ ಖರ್ಚು ಬಿಗಿಯಾಗಿರುವ ವಿದ್ಯಾರ್ಥಿಗೆ ನಾಲ್ಕನೆಯದೊಂದು ದಾರಿಯೂ ಇದೆ. ಅದರ ಬಗ್ಗೆ ಸಾಕಷ್ಟು ಮಾತಾಗಿಲ್ಲ. ಡಿ.ಫಾರ್ಮ್ ಮುಗಿಸಿದವರು ಬಿ.ಫಾರ್ಮ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಎರಡು ಮತ್ತು ಮೂರು ಸೇರಿ ಐದು ವರ್ಷ. ನೇರ ಬಿ.ಫಾರ್ಮ್‌ಗಿಂತ ಒಂದು ವರ್ಷ ಹೆಚ್ಚು ನಿಜ. ಆದರೆ ಡಿಪ್ಲೊಮಾ ಮುಗಿದು ನೋಂದಣಿಯಾದ ಕೂಡಲೇ ದುಡಿಯುವ ಹಕ್ಕು ಕೈಗೆ ಬಂದಿರುತ್ತದೆ. ಒಂದೆರಡು ವರ್ಷ ಔಷಧಿ ಅಂಗಡಿಯಲ್ಲಿ ದುಡಿದು, ಹಣ ಕೂಡಿಸಿಕೊಂಡು, ಆಮೇಲೆ ಪದವಿಗೆ ಹೋಗಬಹುದು. ಒಂದು ವರ್ಷ ಬೆಳೆ ಬಂದು ಮರುವರ್ಷ ಕೈಕೊಡುವ ಸೀಮೆಯ ಕುಟುಂಬಗಳಿಗೆ ಹೀಗೆ ನಡುವೆ ನಿಂತು ಉಸಿರು ತೆಗೆದುಕೊಳ್ಳಬಹುದಾದ ಓದು ಬೇರೆ ಕಡೆ ಸುಲಭಕ್ಕೆ ಸಿಗುವುದಿಲ್ಲ.

ಈ ವೃತ್ತಿಯ ಇತಿಹಾಸವೂ ಕೆಳಗಿನಿಂದಲೇ ಕಟ್ಟಿಕೊಂಡು ಬಂದದ್ದು. ಫಾರ್ಮಸಿಸ್ಟರನ್ನು ಹಳ್ಳಿಯ ಹಿರಿಯರು ಇಂದಿಗೂ ‘ಕಂಪೌಂಡರ್’ ಎಂದೇ ಕರೆಯುತ್ತಾರೆ. ವೈದ್ಯರ ಚೀಟಿಯಂತೆ ಮಿಶ್ರಣ ಅರೆದು, ಶೀಶೆಗೆ ಕಾಗದದ ಗುರುತು ಅಂಟಿಸಿ ಕೊಡುತ್ತಿದ್ದವರು ಅವರು. 1930–31ರಲ್ಲಿ ಕರ್ನಲ್ ಆರ್.ಎನ್. ಚೋಪ್ರಾ ಅಧ್ಯಕ್ಷತೆಯ ಔಷಧ ವಿಚಾರಣಾ ಸಮಿತಿ ದೇಶದಲ್ಲಿ ತರಬೇತಾದ ಔಷಧಕಾರರ ಕೊರತೆಯನ್ನು ಎತ್ತಿ ತೋರಿಸಿತು. ಅದೇ ದಶಕದಲ್ಲಿ ಮಹಾದೇವ ಲಾಲ್ ಶ್ರಾಫ್ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿ ಪದವಿ ಶಿಕ್ಷಣಕ್ಕೆ ತಳಹದಿ ಹಾಕಿದರು. 1948ರ ಫಾರ್ಮಸಿ ಕಾಯ್ದೆ ಬಂದಾಗ, ಐದು ವರ್ಷಕ್ಕೆ ಕಡಿಮೆಯಿಲ್ಲದಂತೆ ಔಷಧ ಮಿಶ್ರಣದ ಕೆಲಸ ಮಾಡಿದ ಅನುಭವಿಗಳಿಗೂ ಮೊದಲ ನೋಂದಣಿ ಪುಸ್ತಕದಲ್ಲಿ ಜಾಗ ಸಿಕ್ಕಿತು. ಆಮೇಲೆ ಆ ಬಾಗಿಲು ಮುಚ್ಚಿತು. ಶಿಕ್ಷಣವೇ ಏಕೈಕ ದಾರಿಯಾಯಿತು. ಆಗ ಬಾಂಬೆ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯ ಊರುಗಳ ಕಂಪೌಂಡರರು ಆ ತಿರುವಿನಲ್ಲೇ ಬದುಕಿದವರು.

ಕಾಯ್ದೆಯ 42ನೆಯ ಕಲಮು ಇಡೀ ವೃತ್ತಿಯ ಬೀಗದಕೈ. ವೈದ್ಯರ ಚೀಟಿಯ ಮೇಲೆ ಔಷಧಿ ತಯಾರಿಸುವ, ಕೊಡುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟ್‌ಗೆ ಮಾತ್ರ ಎಂದು ಅದು ಹೇಳುತ್ತದೆ. ಚಿಲ್ಲರೆ ಔಷಧಿ ಅಂಗಡಿಗೆ ಕನಿಷ್ಠ 10 ಚದರ ಮೀಟರ್ ಜಾಗ, ಫ್ರಿಜ್ಜು, ನೋಂದಾಯಿತ ಫಾರ್ಮಸಿಸ್ಟ್ ಇದ್ದರೆ ನಮೂನೆ 20 ಮತ್ತು 21ರ ಪರವಾನಗಿ ಸಿಗುತ್ತದೆ. ಅಂದರೆ ಡಿಪ್ಲೊಮಾ ಪಡೆದ ರೋಣದ ಯುವಕನ ಪ್ರಮಾಣಪತ್ರವೇ ಅರ್ಧ ಬಂಡವಾಳ. ಈ ಬಲವೇ ಒಂದು ಕೆಟ್ಟ ಚಾಳಿಗೂ ದಾರಿ ಮಾಡಿತು: ದೇಶದ ಎಲ್ಲ ಕಡೆ ನಡೆಯುವಂತೆ, ಪ್ರಮಾಣಪತ್ರವನ್ನು ಅಂಗಡಿಯ ಗೋಡೆಗೆ ನೇತುಹಾಕಲು ಬಾಡಿಗೆಗೆ ಕೊಟ್ಟು ತಾವು ಬೇರೆಡೆ ಇರುವುದು. ಎರಡು ವರ್ಷ ಕಲಿತ ವಿದ್ಯೆಯನ್ನು ಚೌಕಟ್ಟಿನೊಳಗಿನ ಹಾಳೆಯಾಗಿ ಮಾರಿಕೊಳ್ಳುವುದು ತನಗೂ ರೋಗಿಗೂ ಮಾಡುವ ಅನ್ಯಾಯ. ಹೊಸ ತಲೆಮಾರು ಅದನ್ನು ಖಡಾಖಂಡಿತ ನಿರಾಕರಿಸಬೇಕು.

ಏಕೆಂದರೆ ಕೌಂಟರಿನ ಕೆಲಸ ಗೋಡೆಯ ಮೇಲೆ ನಡೆಯುವುದಿಲ್ಲ. ದವಾಖಾನಿಯಿಂದ ಚೀಟಿ ಹಿಡಿದು ಬರುವ ವಯಸ್ಸಾದ ಹೆಣ್ಣುಮಗಳು ಕೇಳುವುದು ಇಷ್ಟೇ: “ತಂಗೀ, ಈ ಗುಳಿಗಿ ಉಂಡಮ್ಯಾಲ ತೊಗೋಬೇಕೋ, ಉಣ್ಣೂಕಿಂತ ಮೊದ್ಲೋ?” ಥೈರಾಯ್ಡಿನ ಗುಳಿಗಿಯಾದರೆ ಉತ್ತರ ಒಂದು: “ಮುಂಜಾನೆ ಹಸಿದ ಹೊಟ್ಟ್ಯಾಗ ಬರೇ ನೀರಿನ್ಯಾಗ ತೊಗೋರಿ ಅಮ್ಮಾರ. ಅರ್ಧಾ ತಾಸು ಚಾ ಕುಡೀಬ್ಯಾಡ್ರಿ.” ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಆದರೆ ಉತ್ತರ ಬೇರೆ, ಅದು ಊಟದ ಜೊತೆಗೋ ಊಟವಾದ ಮೇಲೋ. ಕಬ್ಬಿಣದ ಗುಳಿಗಿಯನ್ನು ಚಹಾದೊಂದಿಗೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ಥೈರಾಯ್ಡ್ ಗುಳಿಗಿ ಮತ್ತು ಕಬ್ಬಿಣದ ಗುಳಿಗಿ ಎರಡೂ ಇದ್ದರೆ ನಡುವೆ ನಾಲ್ಕು ತಾಸು ಬಿಡುವು ಬೇಕು. ಇನ್ಸುಲಿನ್ ಶೀಶೆ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಬೇಸಿಗೆಯ ಬಿಸಿಲು 40 ಡಿಗ್ರಿ ಮುಟ್ಟುವ ಎರೆನಾಡಿನಲ್ಲಿ, ಕರೆಂಟು ಹೋಗಿಬರುವ ಊರಲ್ಲಿ, ಅದನ್ನು ಮನೆವರೆಗೆ ಹೇಗೆ ಒಯ್ಯಬೇಕೆಂದು ಹೇಳಿಕೊಡುವವರೂ ಅದೇ ಕೌಂಟರಿನವರು. ಗುಳಿಗಿ ಪಟ್ಟಿಯ ಮೇಲಿನ ಕೆಂಪು ಗೆರೆಯ ಅರ್ಥ, ಜ್ವರ ಬಿಟ್ಟಿತೆಂದು ಪ್ರತಿಜೀವಕವನ್ನು ಎರಡೇ ದಿನಕ್ಕೆ ನಿಲ್ಲಿಸಬಾರದು ಎಂಬ ಮಾತು ಇವೂ ಕೌಂಟರಿನ ಮುಂದಿನ ಆ ಕೆಲವೇ ನಿಮಿಷದೊಳಗೆ ಆಗಬೇಕು.

2015ರ ಫಾರ್ಮಸಿ ವೃತ್ತಿ ನಿಯಮಾವಳಿ ಈ ಸಂವಾದವನ್ನು ಫಾರ್ಮಸಿಸ್ಟರ ಕರ್ತವ್ಯವೆಂದು ಬರೆದಿದೆ: ಔಷಧಿಯ ಹೆಸರು, ಪ್ರಮಾಣ, ಎಷ್ಟು ದಿನ, ಅಡ್ಡಪರಿಣಾಮ, ಇಡುವ ರೀತಿ, ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು. 2020ರ ಹೊಸ ಡಿ.ಫಾರ್ಮ್ ಪಠ್ಯಕ್ರಮವೂ ಅದೇ ದಿಕ್ಕಿಗೆ ತಿರುಗಿದೆ. 1991ರ ಹಳೆಯ ಕ್ರಮಕ್ಕೆ ಬದಲಾಗಿ ಬಂದ ಅದರಲ್ಲಿ ಸಾಮಾಜಿಕ ಫಾರ್ಮಸಿ, ಸಮುದಾಯ ಫಾರ್ಮಸಿ, ಔಷಧ ಚಿಕಿತ್ಸಾಶಾಸ್ತ್ರ, ಆಸ್ಪತ್ರೆ ಫಾರ್ಮಸಿ ವಿಷಯಗಳಿವೆ. ಇದು ಒಳ್ಳೆಯ ಬದಲಾವಣೆ. ಆದರೆ ಬೋಧನೆ, ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲಿ. ಹತ್ತು ವರ್ಷ ಕನ್ನಡದಲ್ಲಿ ಓದಿ ಬಂದವರು ಎರಡು ವರ್ಷ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ, ಮತ್ತೆ ಕನ್ನಡದಲ್ಲಿ, ಅದೂ ಗದಗ ಸೀಮೆಯ ಮಾತಿನಲ್ಲಿ, ವಿವರಿಸಬೇಕು. ಈ ಮರಳಿ ಬರುವ ದಾರಿಯನ್ನು ಯಾರೂ ಕಲಿಸುವುದಿಲ್ಲ.

ಔಷಧಿಯ ವಿಷಯ ವಿವರಿಸುವುದು ಕನ್ನಡಕ್ಕೆ ಹೊಸ ಕೆಲಸವೇನಲ್ಲ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ‘ಗೋವೈದ್ಯ’ವನ್ನೂ, 14ನೆಯ ಶತಮಾನದ ಮಂಗರಾಜ ವಿಷವೈದ್ಯದ ‘ಖಗೇಂದ್ರಮಣಿದರ್ಪಣ’ವನ್ನೂ ಕನ್ನಡದಲ್ಲೇ ಬರೆದರು.

ಅಂಗಡಿಯಾಚೆಯ ದಾರಿಗಳನ್ನೂ ನೋಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆಗಳ ಫಾರ್ಮಸಿ ಹುದ್ದೆ ಈ ಭಾಗದ ಡಿಪ್ಲೊಮಾದವರ ಮೊದಲ ಕನಸು. ನೇಮಕಾತಿ ಅಪರೂಪ, ಪೈಪೋಟಿ ತೀವ್ರ. 2015ರಲ್ಲಿ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾದ ಮೇಲೆ ದೊಡ್ಡ ಆಸ್ಪತ್ರೆಯ ಔಷಧ ಉಗ್ರಾಣದ ಕೆಲಸ ಹೇಗಿರುತ್ತದೆಂದು ನೋಡಲು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಜನೌಷಧಿ ಕೇಂದ್ರ ತೆರೆಯುವವರಿಗೂ ನೋಂದಾಯಿತ ಫಾರ್ಮಸಿಸ್ಟ್ ಕಡ್ಡಾಯ. ಅಲ್ಲಿ ಮಾರಾಟಗಾರರಿಗೆ ಸಿಗುವುದು ಬೆಲೆಯ ಶೇ 20. ಔಷಧಿಯ ಬೆಲೆಯೇ ಕಡಿಮೆಯಾದ್ದರಿಂದ ಜನಸಂಚಾರವಿರುವ ಜಾಗ ಸಿಕ್ಕರಷ್ಟೇ ಅದು ಸಂಸಾರ ಹೊರುತ್ತದೆ.

ಕಾರ್ಖಾನೆಯ ದಾರಿ ಹಿಡಿಯುವವರಿಗೆ ಒಂದು ಎಚ್ಚರ ಅಗತ್ಯ. 1945ರ ಔಷಧ ನಿಯಮಗಳ ಪ್ರಕಾರ ಉತ್ಪಾದನೆಯ ಹೊಣೆ ಹೊರುವ ಅನುಮೋದಿತ ತಜ್ಞರು ಫಾರ್ಮಸಿ ಪದವೀಧರರಾಗಿ 18 ತಿಂಗಳ ಅನುಭವ ಪಡೆದಿರಬೇಕು, ಇಲ್ಲವೇ ರಸಾಯನಶಾಸ್ತ್ರ ಮುಖ್ಯವಾಗಿದ್ದ ವಿಜ್ಞಾನ ಪದವಿಯೊಂದಿಗೆ ಮೂರು ವರ್ಷ ದುಡಿದಿರಬೇಕು. ಡಿಪ್ಲೊಮಾ ಈ ಪಟ್ಟಿಯಲ್ಲಿಲ್ಲ. ಔಷಧ ಪರಿವೀಕ್ಷಕರ ಹುದ್ದೆಗೂ ಪದವಿಯೇ ಬೇಕು. ಹಾಗಾಗಿ ಕಾರ್ಖಾನೆ ಅಥವಾ ಔಷಧ ನಿಯಂತ್ರಣ ಇಲಾಖೆಯ ಮೇಲೆ ಕಣ್ಣಿಟ್ಟವರು ಡಿಪ್ಲೊಮಾದಲ್ಲಿ ನಿಲ್ಲಬಾರದು. ನಕ್ಷೆ ನೋಡಿದರೆ ನರಗುಂದದವರಿಗೆ ಬೆಂಗಳೂರಿಗಿಂತ ಗೋವೆಯೇ ಹತ್ತಿರ. ಅಲ್ಲಿಯ ವೆರ್ನಾದಲ್ಲಿ ಸಿಪ್ಲಾ, ಲೂಪಿನ್‌ಗಳ ಕಾರ್ಖಾನೆಗಳಿವೆ. ಬೀದರ್‌ನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಔಷಧ ಮೂಲವಸ್ತುಗಳ ಘಟಕಗಳಿವೆ. ಎಂ.ಫಾರ್ಮ್‌ಗೆ ಹೋಗುವವರಿಗೆ ಜಿಪ್ಯಾಟ್ ಪರೀಕ್ಷೆ ದಾಟಿದರೆ ವಿದ್ಯಾರ್ಥಿವೇತನದ ಅವಕಾಶವೂ ಇದೆ.

ಡಿಪ್ಲೊಮಾಕ್ಕೆ ಈಗ ಹೊಸ ಬಾಗಿಲೊಂದು ಸೇರಿಕೊಂಡಿದೆ. 2022ರ ನಿಯಮಾವಳಿಯಂತೆ ಡಿ.ಫಾರ್ಮ್ ಮುಗಿಸಿದವರು ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ನೋಂದಣಿಯಾಗುವ ಮೊದಲು ನಿರ್ಗಮನ ಪರೀಕ್ಷೆ ಪಾಸಾಗಬೇಕು. ಮೂರು ಪ್ರಶ್ನಪತ್ರಿಕೆ, ಪ್ರತಿಯೊಂದರಲ್ಲೂ ಕನಿಷ್ಠ ಶೇ 50 ಅಂಕ, ಭಾಷೆ ಇಂಗ್ಲಿಷ್. ಹಾಜರಿ ಕೊಟ್ಟರೆ ಸಾಕು ಎಂಬ ಧೋರಣೆಗೆ ಇದು ತಡೆ ಹಾಕುತ್ತದೆ, ಸ್ವಾಗತಾರ್ಹವೇ. ಆದರೆ ಕನ್ನಡ ಮಾಧ್ಯಮದ ವಿದ್ಯಾರ್ಥಿ ಎಡವುವುದು ಔಷಧಶಾಸ್ತ್ರದಲ್ಲೋ ಇಂಗ್ಲಿಷ್ ವಾಕ್ಯದಲ್ಲೋ ಎಂಬುದನ್ನು ಕಾಲೇಜುಗಳು ಮೊದಲ ವರ್ಷದಲ್ಲೇ ಗುರುತಿಸಿ, ಎರಡೂ ಭಾಷೆಯ ಪದಪಟ್ಟಿ ಕೈಗಿಡಬೇಕು.

ರೋಗಿಯ ಮಾತಿನಲ್ಲಿ ವಿವರಿಸಲು ಕಲಿಯುವುದಕ್ಕೆ ಜಾಗವೂ ಸಮಯವೂ ಈಗಾಗಲೇ ಇವೆ. ಡಿ.ಫಾರ್ಮ್‌ನ ಕೊನೆಗೆ ಮೂರು ತಿಂಗಳಿಗೆ ಕಡಿಮೆಯಿಲ್ಲದ, 500 ಗಂಟೆಗಳ ಪ್ರಾಯೋಗಿಕ ತರಬೇತಿ ಇದೆ. ಅದರಲ್ಲಿ ಕನಿಷ್ಠ 250 ಗಂಟೆ ಚೀಟಿ ನೋಡಿ ಔಷಧಿ ಕೊಡುವ ಕೆಲಸವೇ ಆಗಬೇಕು. ರೋಣದ, ನರಗುಂದದ ವಿದ್ಯಾರ್ಥಿಗಳು ಆ ಗಂಟೆಗಳನ್ನು ತಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಕಳೆಯುವಂತಾದರೆ, ತರಬೇತಿ ಪುಸ್ತಕದಲ್ಲಿ ಕೊಟ್ಟ ಔಷಧಿಯ ಹೆಸರಿನ ಪಕ್ಕ ಇನ್ನೊಂದು ಕಾಲಂ ಸೇರಿಸಬಹುದು: ರೋಗಿ ಏನು ಕೇಳಿದರು, ಯಾವ ಮಾತಿನಲ್ಲಿ ಹೇಳಿದಾಗ ಅವರಿಗೆ ತಿಳಿಯಿತು.