ಹೆರಿಗೆ ದಫ್ತರು ಹೇಳಿದ ಸಂಗತಿ

ಸುರಪುರದ ಸೀಮೆಯಲ್ಲಿ ಅಳೆಯುವ ಕೆಲಸ ಇಂದು ನಿನ್ನೆಯದಲ್ಲ. 1841ರಿಂದ 1853ರವರೆಗೆ ಆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರ್ ಸಾಹೇಬ ರಾಜನಕೋಳೂರಿನ ಕಲ್ಲುಗೋರಿಗಳ ಬಳಿಗೆ ಹೋಗಿ, ಎರಡು ಸಾವಿರ ವರ್ಷಗಳಿಗೂ ಹಿಂದಿನ ಜನ ನಿಲ್ಲಿಸಿದ ಚಪ್ಪಡಿಗಳ ಉದ್ದಗಲಗಳನ್ನು ಅಳೆದು ಬರೆದಿಟ್ಟ. ಆಮೇಲೆ ಈ ಸೀಮೆ ನಿಜಾಮರ ಕೈಸೇರಿತು. ಆಗ ಶಹಾಪುರ, ಸುರಪುರ, ಯಾದಗಿರಿಗಳ ಹಳ್ಳಿಹಳ್ಳಿಯಲ್ಲಿಯೂ ಪಟ್ವಾರಿಯ ದಫ್ತರಿತ್ತು. ಯಾರ ಹೊಲದ ಬದು ಎಲ್ಲಿ ಮುಗಿಯಿತು, ಯಾರ ಹೊಲದಲ್ಲಿ ಯಾವ ಬೆಳೆ ನಿಂತಿದೆ, ಕಂದಾಯ ಎಷ್ಟು ಬಾಕಿ, ಇವೆಲ್ಲಕ್ಕೂ ಅದರಲ್ಲಿ ಲೆಕ್ಕವಿತ್ತು.

ಈಗ ನಿಮಗೊಂದು ಪ್ರಶ್ನೆ. ನಿಮ್ಮ ಅಜ್ಜಿ ಹುಟ್ಟಿದಾಗ ಎಷ್ಟು ತೂಕವಿದ್ದರು? ನಿಮ್ಮ ತಂದೆ? ಅಷ್ಟೇಕೆ, ನೀವು? ಸತ್ತವರ ಕಲ್ಲಿನ ಅಳತೆ ಇದೆ, ಹೊಲದ ಅಳತೆ ಇದೆ. ಹುಟ್ಟಿದ ಕೂಸಿನ ಅಳತೆ ಮಾತ್ರ ಹೆಚ್ಚಿನ ಮನೆಗಳಲ್ಲಿ ಇಲ್ಲ. ಅದಿದ್ದರೆ ಏನು ಪ್ರಯೋಜನವಾಗುತ್ತಿತ್ತು ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ಹುಡುಕಲು ನಮ್ಮದೇ ನಾಡಿನ ಇನ್ನೊಂದು ಊರಿಗೆ, ಮೈಸೂರಿಗೆ, ಹೋಗಿಬರಬೇಕು.

ಮೈಸೂರಿನ ಮಂಡಿ ಮೊಹಲ್ಲದಲ್ಲಿ 1906ರಲ್ಲಿ ವೆಸ್ಲಿಯನ್ ಮಿಷನ್ನಿನವರು ಹೆಂಗಸರಿಗಾಗಿ, ಮಕ್ಕಳಿಗಾಗಿ ಒಂದು ಆಸ್ಪತ್ರೆಯನ್ನು ತೆರೆದರು. ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಎಂಬ ಮಹಿಳೆಯ ಸ್ಮಾರಕವಾದ್ದರಿಂದ ಅದಕ್ಕೆ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಎಂದು ಹೆಸರಾಯಿತು. ಊರಿನವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. ಅದು ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಾಗಿರಲಿಲ್ಲ. ಸುತ್ತಮುತ್ತಲ ಬಡವರು, ಮಧ್ಯಮ ವರ್ಗದವರು ಹೆರಿಗೆಗೆ ಬರುತ್ತಿದ್ದ ಊರ ಆಸ್ಪತ್ರೆಯಾಗಿತ್ತು.

ಈ ಆಸ್ಪತ್ರೆಯಲ್ಲಿ 1934ರಿಂದ ಒಂದು ಪದ್ಧತಿ ನಡೆದು ಬಂತು. ಕೂಸು ಹುಟ್ಟಿದೊಡನೆ ಅದರ ತೂಕ, ಉದ್ದ, ತಲೆಯ ಸುತ್ತಳತೆ ಈ ಮೂರನ್ನೂ ದಫ್ತರಿನಲ್ಲಿ ಬರೆಯುವುದು. ತಾಯಿಯ ತೂಕವನ್ನೂ ಸೊಂಟದ ಮೂಳೆಯ ಅಗಲವನ್ನೂ ಜೊತೆಗೆ ಸೇರಿಸುವುದು. ಆಗ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ. ಯಾದಗಿರಿ ಹೈದರಾಬಾದು ಸಂಸ್ಥಾನದ ಗುಲ್ಬರ್ಗಾ ಜಿಲ್ಲೆಯ ಒಂದು ತಾಲ್ಲೂಕು. ಸೊಂಟದ ಅಳತೆ ಹೆರಿಗೆ ಸಲೀಸಾದೀತೇ, ಕಷ್ಟವಾದೀತೇ ಎಂದು ತಿಳಿಯುವುದಕ್ಕೆ. ಕೂಸಿನ ಅಳತೆ ಅದರ ಆರೈಕೆಗೆ. ಅರವತ್ತು ವರ್ಷಗಳ ತರುವಾಯ ಈ ಅಂಕಿಗಳನ್ನು ಯಾರೋ ಬಂದು ಕೇಳಿಯಾರೆಂದು ಬರೆದ ದಾದಿಯರಿಗೆ ಹೊಳೆದಿರಲಾರದು. ಆದರೂ ಬರೆದರು, ಆಮೇಲೆ ಬಂದವರು ಆ ಪುಸ್ತಕಗಳನ್ನು ರದ್ದಿಗೆ ಹಾಕದೆ ಉಳಿಸಿದರು.

ಇತ್ತ ಇಂಗ್ಲೆಂಡಿನಲ್ಲಿಯೂ ಇಂಥದೇ ಒಂದು ದಫ್ತರು ಉಳಿದಿತ್ತು. ಹರ್ಟ್‌ಫರ್ಡ್‌ಷೈರ್ ಪ್ರಾಂತದಲ್ಲಿ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಮೇಲ್ವಿಚಾರಕಿ 1911ರಿಂದ ಸೂಲಗಿತ್ತಿಯರಿಂದಲೂ ಆರೋಗ್ಯ ಸಂದರ್ಶಕಿಯರಿಂದಲೂ ಕೂಸುಗಳ ಹುಟ್ಟುತೂಕವನ್ನೂ ಒಂದು ವರ್ಷದ ತೂಕವನ್ನೂ ಬರೆಯಿಸಿದ್ದಳು. ಸೌತಾಂಪ್ಟನ್ ನಗರದ ವೈದ್ಯ ಡೇವಿಡ್ ಬಾರ್ಕರ್ ಮತ್ತು ಅವರ ಸಂಗಡಿಗರು ಆ ಪುಸ್ತಕಗಳಿಂದ 1911ರಿಂದ 1930ರೊಳಗೆ ಹುಟ್ಟಿದ 5,654 ಗಂಡಸರ ವಿವರಗಳನ್ನು ತೆಗೆದು, ಅವರಲ್ಲಿ ಯಾರು ಯಾವ ಕಾರಣದಿಂದ ತೀರಿಕೊಂಡರೆಂದು ನೋಡಿ, 1989ರಲ್ಲಿ ಫಲವನ್ನು ಪ್ರಕಟಿಸಿದರು. ಒಂದು ವರ್ಷದ ವಯಸ್ಸಿನಲ್ಲಿ ತೂಕ ಕಡಿಮೆಯಿದ್ದವರಲ್ಲಿ ಹೃದಯರೋಗದ ಸಾವು ಹೆಚ್ಚಾಗಿತ್ತು. ಹೃದ್ರೋಗವೆಂದರೆ ನಡುವಯಸ್ಸಿನ ಬೀಡಿ, ಬೆಣ್ಣೆ, ಚಿಂತೆಗಳ ಫಲವೆಂದು ತಿಳಿದಿದ್ದ ವೈದ್ಯಲೋಕಕ್ಕೆ ಇದು ಹೊಸ ಮಾತು. ನಮ್ಮ ಹಿರಿಯರಿಗೆ ಅಷ್ಟು ಹೊಸದೇನಲ್ಲ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದವರಲ್ಲವೇ ಅವರು!

ಆದರೆ ಗಾದೆ ಬೇರೆ, ಪುರಾವೆ ಬೇರೆ. ಇಂಗ್ಲೆಂಡಿನಲ್ಲಿ ಕಂಡದ್ದು ನಮ್ಮಲ್ಲಿಯೂ ನಿಜವೇ? ನಮ್ಮ ದೇಶದಲ್ಲಿ ಕಡಿಮೆ ತೂಕದ ಕೂಸುಗಳು ಬಹಳ. ಹೃದ್ರೋಗ, ಸಕ್ಕರೆ ಕಾಯಿಲೆಗಳೂ ಬಹಳ. ಇವೆರಡಕ್ಕೂ ನಂಟಿದೆಯೇ ಎಂದು ನೋಡಬೇಕಾದರೆ, ಈಗ ಐವತ್ತು ವರ್ಷದವರಾದ ಜನರ ಹುಟ್ಟುತೂಕ ಸಿಕ್ಕಬೇಕು. ಅದು ಮೈಸೂರಿನ ಮಿಷನ್ ಆಸ್ಪತ್ರೆಯ ದಫ್ತರಿನಲ್ಲಿ ಸಿಕ್ಕಿತು.

1990ರ ದಶಕದಲ್ಲಿ ಬಾರ್ಕರ್ ಅವರ ಬಳಗದ ಡಾ. ಕ್ಯಾರೊಲಿನ್ ಫಾಲ್, ನಮ್ಮವರೇ ಆದ ಡಾ. ಕೆ. ಕುಮಾರನ್ ಮುಂತಾದವರು ಆಸ್ಪತ್ರೆಯವರೊಡನೆ ಸೇರಿ ಕೆಲಸಕ್ಕಿಳಿದರು. ಕೆಲಸ ಸುಲಭದ್ದಲ್ಲ. ಹುಟ್ಟಿದ ದಿನ ಕೂಸಿಗೆ ಹೆಸರೇ ಇರುವುದಿಲ್ಲ. ಹೆಣ್ಣುಮಗಳಾದರೆ ಮದುವೆಯಾಗಿ ಬೇರೆ ಮನೆ ಸೇರಿರುತ್ತಾಳೆ. ಆಸ್ಪತ್ರೆಯ ಸುತ್ತಲಿನ ಬಡಾವಣೆಗಳಲ್ಲಿ ಮನೆಮನೆಗೂ ಹೋಗಿ, ನೀವು ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದವರೇ ಎಂದು ವಿಚಾರಿಸಿ, ಹೇಳಿದ್ದನ್ನು ಹಳೆಯ ಪುಸ್ತಕದೊಡನೆ ತಾಳೆ ನೋಡಬೇಕಾಯಿತು. ಹಾಗೆ ಸಿಕ್ಕ, 1934ರಿಂದ 1954ರೊಳಗೆ ಹುಟ್ಟಿದ 517 ಮಂದಿಯ ಹೃದಯ ಪರೀಕ್ಷೆ ನಡೆಯಿತು. ಫಲಿತಾಂಶ 1996ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು.

ಅದರ ಸಾರ ಇಷ್ಟು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ರೋಗವಿತ್ತು. 3.1 ಕಿಲೋ ಅಥವಾ ಅದಕ್ಕೂ ಹೆಚ್ಚು ತೂಗಿದವರಲ್ಲಿ ನೂರಕ್ಕೆ ಮೂವರಿಗೆ ಮಾತ್ರ. ಈ ವ್ಯತ್ಯಾಸ ನಲವತ್ತೈದು ದಾಟಿದವರಲ್ಲಿ ಇನ್ನೂ ಸ್ಪಷ್ಟವಾಗಿತ್ತು. ಕೂಸೂ ಹಗುರ, ಬಸುರಿಯಾಗಿದ್ದಾಗ ತಾಯಿಯೂ 45 ಕಿಲೋಗಿಂತ ಕಡಿಮೆ ಎಂಬಂಥ ಕಡೆ ರೋಗ ನೂರಕ್ಕೆ 20ರಷ್ಟಿತ್ತು. ಮರುವರ್ಷ ಬಂದ ಇನ್ನೊಂದು ಲೇಖನ ಶ್ವಾಸಕೋಶದ ವಿಷಯ ಹೇಳಿತು: ಹುಟ್ಟುವಾಗ ಚಿಕ್ಕದಾಗಿದ್ದವರ ಉಸಿರಿನ ಶಕ್ತಿ ದೊಡ್ಡವರಾದ ಮೇಲೂ ಕಡಿಮೆಯೇ.

ಸಕ್ಕರೆ ಕಾಯಿಲೆಯ ವಿಷಯಕ್ಕೆ ಬಂದಾಗ ಮಾತ್ರ ದಫ್ತರು ಬೇರೆಯದೇ ಮಾತನಾಡಿತು. ಇಂಗ್ಲೆಂಡಿನಲ್ಲಿ ಹಗುರವಾಗಿ ಹುಟ್ಟಿದವರಿಗೆ ಸಕ್ಕರೆ ಕಾಯಿಲೆ ಹೆಚ್ಚು. ಮೈಸೂರಿನಲ್ಲಿ 506 ಮಂದಿಯನ್ನು ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ಲೇಖನದಂತೆ, ಉದ್ದದಲ್ಲಿ ಗಿಡ್ಡಾಗಿ, ಉದ್ದಕ್ಕೆ ಹೋಲಿಸಿದರೆ ದಪ್ಪನಾಗಿ ಹುಟ್ಟಿದವರಲ್ಲಿ ಅದು ಹೆಚ್ಚು. ಅವರ ತಾಯಂದಿರು ಉಳಿದವರಿಗಿಂತ ತೂಕಸ್ಥರು. ಹಾಗಾದರೆ ಆ ತಾಯಂದಿರಿಗೆ ಬಸುರಿನಲ್ಲಿಯೇ ಸಕ್ಕರೆ ಏರಿತ್ತೇ ಎಂಬ ಅನುಮಾನ ಹುಟ್ಟಿತು. ಪರದೇಶದ ಪುಸ್ತಕದಲ್ಲಿದ್ದುದನ್ನು ಹಾಗೆಯೇ ನಂಬಿದ್ದರೆ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. ನಮ್ಮ ಜನರ ವಿಷಯವನ್ನು ನಮ್ಮ ಜನರ ಲೆಕ್ಕವೇ ಹೇಳಬೇಕು ಎಂಬ ಪಾಠ ಇಲ್ಲಿದೆ.

ಈ ಪ್ರಶ್ನೆಯ ಬೆನ್ನುಹತ್ತಿ 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ‘ಪಾರ್ಥೆನಾನ್’ ಎಂಬ ಹೆಸರಿನ ಅಧ್ಯಯನ ಆರಂಭವಾಯಿತು. 830 ಮಂದಿ ಬಸುರಿಯರಿಗೆ ಸುಮಾರು ಏಳನೆಯ ತಿಂಗಳಲ್ಲಿ ಸಕ್ಕರೆ ಪರೀಕ್ಷೆ ಮಾಡಲಾಯಿತು. ನೂರಕ್ಕೆ ಸುಮಾರು ಆರು ಮಂದಿಯಲ್ಲಿ ಬಸುರಿನ ಸಕ್ಕರೆ ಕಾಯಿಲೆ ಕಂಡಿತು. ಡಾ. ಜಿ.ವಿ. ಕೃಷ್ಣವೇಣಿ, ಡಾ. ಎಸ್.ಆರ್. ವೀಣಾ ಮೊದಲಾದವರು ಅವರ ಮಕ್ಕಳನ್ನು ವರ್ಷವರ್ಷವೂ ಕರೆದು ಅಳೆಯುತ್ತ ಬಂದರು. ಅಂಥ ತಾಯಂದಿರ ಮಕ್ಕಳಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಐದು ವರ್ಷಕ್ಕೇ ಮೈಕೊಬ್ಬು ಹೆಚ್ಚಾಗಿರುವುದು ಗೊತ್ತಾಯಿತು.

ಬಸುರಿಯರಿಂದ ತೆಗೆದಿಟ್ಟ ಅದೇ ರಕ್ತ ಬೇರೆ ಸಂಗತಿಗಳನ್ನೂ ಹೇಳಿತು. ಸೊಪ್ಪುಸದೆಯಲ್ಲಿ ಸಿಗುವ ಫೋಲೇಟಿನ ಕೊರತೆ ನೂರಕ್ಕೆ ಸುಮಾರು ನಾಲ್ವರಲ್ಲಿ ಮಾತ್ರವಿತ್ತು. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ಮಾತ್ರ ಸಿಗುವ ಬಿ-12 ಜೀವಸತ್ವದ ಕೊರತೆ ನೂರಕ್ಕೆ 43 ಮಂದಿಯಲ್ಲಿತ್ತು. ಬಿಸಿಲಿನಿಂದ ಬರುವ ಡಿ ಜೀವಸತ್ವ, ಇಷ್ಟೊಂದು ಬಿಸಿಲಿರುವ ನಾಡಿನಲ್ಲಿಯೂ, ಮೂವರಲ್ಲಿ ಇಬ್ಬರಿಗೆ ಸಾಲದಾಗಿತ್ತು. ಮಕ್ಕಳು ಒಂಬತ್ತು ಹತ್ತು ವರ್ಷದವರಾದಾಗ ಅವರ ಬುದ್ಧಿಶಕ್ತಿಯನ್ನೂ ಪರೀಕ್ಷಿಸಿ ನೋಡಿದರು. ಬಸುರಿನಲ್ಲಿ ತಾಯಿಯ ರಕ್ತದಲ್ಲಿ ಫೋಲೇಟು ಚೆನ್ನಾಗಿದ್ದ ಮಕ್ಕಳು ಹೆಚ್ಚು ಅಂಕ ಪಡೆದರು. ಹೀಗೆ ಹೃದಯ, ಶ್ವಾಸಕೋಶ, ಸಕ್ಕರೆ, ಆಹಾರ, ಬುದ್ಧಿ ಎಂದು ವೈದ್ಯಶಾಸ್ತ್ರದ ಹಲವು ಶಾಖೆಗಳಿಗೆ ಹೆರಿಗೆಮನೆಯ ಒಂದೇ ಬಾಗಿಲಿನಿಂದ ದಾರಿ ತೆರೆಯಿತು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಕೂಸು ಹುಟ್ಟಿದ ಐದನೆಯ ದಿನ ಶೆಟವಿ ತಾಯಿ ಬಂದು ಹಣೆಬರಹ ಬರೆಯುತ್ತಾಳೆಂದು ನಮ್ಮ ಕಡೆಯ ನಂಬಿಕೆ. ದಾದಿ ಮೊದಲನೆಯ ದಿನ ಬರೆಯುವ ತೂಕ ಅಂಥ ಅಳಿಸಲಾಗದ ಬರಹವಲ್ಲ. ಹಗುರವಾಗಿ ಹುಟ್ಟಿದ ನೂರರಲ್ಲಿ 11 ಮಂದಿಗೆ ರೋಗ ಬಂದರೆ, 89 ಮಂದಿಗೆ ಬಂದಿರಲಿಲ್ಲ ಎಂಬುದನ್ನೂ ಮರೆಯಬಾರದು. ಪರೀಕ್ಷೆಗೆ ಸಿಕ್ಕವರು ಬದುಕಿ ಅದೇ ಊರಿನಲ್ಲಿ ಉಳಿದವರು ಮಾತ್ರ. ತೀರಿಕೊಂಡವರ, ಊರು ಬಿಟ್ಟವರ ಕಥೆ ಈ ಲೆಕ್ಕದಲ್ಲಿಲ್ಲ. ತೂಕ ಒಂದು ಸೂಚನೆ. ಸೂಚನೆ ಮೊದಲೇ ಸಿಕ್ಕಿದರೆ ಎಚ್ಚರದಿಂದ ಇರಬಹುದು, ಅಷ್ಟೆ.

ಈಗ ಯಾದಗಿರಿಗೆ ಹಿಂತಿರುಗೋಣ. 1956ರಲ್ಲಿ ಈ ಸೀಮೆ ಕನ್ನಡ ನಾಡಿಗೆ ಸೇರಿತು. 2009ರ ಕೊನೆಗೆ ಗುಲ್ಬರ್ಗಾದಿಂದ ಬೇರೆಯಾಗಿ ಯಾದಗಿರಿ ಜಿಲ್ಲೆಯಾಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಮೂವರಲ್ಲಿ ಒಬ್ಬರಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಯಾದಗಿರಿ ಜಿಲ್ಲೆಯಲ್ಲಿ ಅಂಥವರು ಅರ್ಧಕ್ಕಿಂತಲೂ ಹೆಚ್ಚು. ಮೈಸೂರಿನ ದಫ್ತರು ಹೇಳಿದ್ದನ್ನು ಈ ಅಂಕಿಯ ಪಕ್ಕದಲ್ಲಿಟ್ಟು ನೋಡಿ. ಇಂದು ಅಂಗನವಾಡಿಯಲ್ಲಿ ಗಿಡ್ಡಾಗಿ ಕಾಣುವ ಕೂಸು ನಲವತ್ತು ವರ್ಷಗಳ ಮೇಲೆ ಯಾವ ಕಾಯಿಲೆಯ ಸಾಲಿನಲ್ಲಿ ನಿಂತೀತು? ಮೈಸೂರಿನ ಲೆಕ್ಕವೇ ಇಲ್ಲಿಗೂ ಸರಿಹೋದೀತೆಂದು ಹೇಳಲಾಗದು. ಜೋಳ ತೊಗರಿ ಉಣ್ಣುವ, ಸುಗ್ಗಿ ಮುಗಿಯುತ್ತಲೇ ಗುಳೆ ಹೋಗುವ ಜನರ ಕಥೆಯನ್ನು ಅವರದೇ ದಫ್ತರು ಹೇಳಬೇಕು.

ಗುಳೆ ಹೋಗುವವರ ಲೆಕ್ಕ ಕೂಡಿಡುವುದೇ ಕಷ್ಟದ ಕೆಲಸ. ಬಸುರಿ ಹೆಂಗಸು ಮೊದಲ ತಿಂಗಳುಗಳನ್ನು ಬೆಂಗಳೂರಿನ ಕಟ್ಟಡದ ಕೆಲಸದಲ್ಲಿ ಕಳೆದು, ಹೆರಿಗೆಗೆ ಶಹಾಪುರದ ತವರಿಗೆ ಬಂದು, ಬಾಣಂತನ ಮುಗಿಸಿ ಸುರಪುರದ ಕಡೆಯ ಗಂಡನ ಮನೆ ಸೇರಿದರೆ, ಒಂದೇ ಕೂಸಿನ ವಿವರ ಮೂರು ಕಡೆ ಚೆದುರಿಹೋಗುತ್ತದೆ. ಅದನ್ನು ಒಂದುಗೂಡಿಸುವ ಹಗ್ಗವೆಂದರೆ ಆಕೆಯ ಕೈಯಲ್ಲಿರುವ ತಾಯಿ ಕಾರ್ಡು. ಬಸುರಿನ ತೂಕ, ರಕ್ತದೊತ್ತಡ, ಹೆರಿಗೆಯ ದಿನ, ಕೂಸಿನ ತೂಕ, ಚುಚ್ಚುಮದ್ದು ಎಲ್ಲವೂ ಅದರಲ್ಲಿರುತ್ತವೆ. ಬಹಳ ಮನೆಗಳಲ್ಲಿ ಕೊನೆಯ ಚುಚ್ಚುಮದ್ದು ಮುಗಿದ ಮೇಲೆ ಆ ಕಾರ್ಡಿನ ಗತಿ ಏನಾಗುತ್ತದೆಂಬುದು ನಿಮಗೂ ಗೊತ್ತು.

ಓದುಗರೇ, ನಿಮ್ಮಲ್ಲಿ ವೈದ್ಯರು, ದಾದಿಯರು ಇರಬಹುದು. ಹೆಚ್ಚಿನವರು ಅಜ್ಜಿಯರು, ತಾಯಂದಿರು, ಮನೆಯ ಯಜಮಾನರು. ಕೂಸು ದೊಡ್ಡದಾದರೆ ಹೆರಿಗೆ ಕಷ್ಟವಾದೀತೆಂದು ಬಸುರಿಯ ತಟ್ಟೆಯಿಂದ ಒಂದು ರೊಟ್ಟಿ ಕಡಿಮೆ ಮಾಡುವ ವಾಡಿಕೆ ನಿಮ್ಮ ಮನೆಯಲ್ಲಿದ್ದರೆ, 45 ಕಿಲೋ ಇಲ್ಲದ ಆ ಮೈಸೂರಿನ ತಾಯಂದಿರನ್ನು ನೆನೆಯಿರಿ. ಮೈತೂಕ ಹೆಚ್ಚಿದ್ದ ತಾಯಂದಿರನ್ನೂ ನೆನೆದು, ಬಸುರಿನಲ್ಲಿ ಸಕ್ಕರೆ ಪರೀಕ್ಷೆಯನ್ನು ತಪ್ಪದೆ ಮಾಡಿಸಿರಿ. ರೊಟ್ಟಿ ಪಲ್ಯದ ಜೊತೆಗೆ ಹಾಲು, ಮೊಸರು, ಒಪ್ಪುವವರಿಗೆ ಮೊಟ್ಟೆ ಇರಲಿ. 2017ರಲ್ಲಿ ಅಂಗನವಾಡಿಗಳಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯ ಉದ್ದೇಶವೂ ಇದೇ.

ಇನ್ನೊಂದು ಮಾತು. ಯಾದಗಿರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅಲ್ಲಿ ಕಲಿಯುವ ಹುಡುಗ ಹುಡುಗಿಯರಲ್ಲಿ ಯಾರಾದರೂ ಮುಂದೊಂದು ದಿನ ಶಹಾಪುರದ, ಸುರಪುರದ ಮನೆಮನೆಗೆ ಬಂದು, ನೀವು ಹುಟ್ಟಿದಾಗ ಎಷ್ಟು ತೂಕವಿದ್ದಿರಿ ಎಂದು ಕೇಳಬಹುದು. ಆಗ ಉತ್ತರ ಹೇಳುವವರು ಇಂದಿನ ಕೂಸುಗಳು. ಹೊಲದ ಪಹಣಿಯನ್ನು ನಾವು ಟ್ರಂಕಿನ ತಳದಲ್ಲಿ, ಬಟ್ಟೆಯಲ್ಲಿ ಸುತ್ತಿ ಇಡುತ್ತೇವೆ. ಅದರ ಪಕ್ಕದಲ್ಲಿಯೇ ಮಗುವಿನ ತಾಯಿ ಕಾರ್ಡಿಗೂ ಒಂದಿಷ್ಟು ಜಾಗ ಮಾಡಿಕೊಡಿ.